ಸಂಜೆ ಜೋಳದ ಹೊಲದ ಮೇಲೆ ಸುಳಿಯುವ ಕಪ್ಪು ಮೋಡ: ಮಿಡತೆಯೂ ಅಲ್ಲ, 5ಜಿ ಪರಿಣಾಮವೂ ಅಲ್ಲ

ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಚರಗ ಚೆಲ್ಲಲು ಹೊಲಕ್ಕೆ ಹೋದವರು ಸಂಜೆ ಐದರ ನಂತರವೂ ಅಲ್ಲೇ ಉಳಿದರೆ ಒಂದು ನೋಟ ಸಿಗುತ್ತದೆ. ಬಿಳಿಜೋಳದ ತೆನೆಗಳ ಮೇಲಿಂದ ನೂರಾರು, ಕೆಲವೊಮ್ಮೆ ಸಾವಿರಾರು ಹಕ್ಕಿಗಳು ಒಮ್ಮೆಲೇ ಏಳುತ್ತವೆ. ಆಕಾಶದಲ್ಲಿ ಹೊಗೆಯಂತೆ ಒಂದು ಸುತ್ತು ತಿರುಗಿ ಪಕ್ಕದ ಹೊಲಕ್ಕೆ ಇಳಿಯುತ್ತವೆ. ಯಾರೋ ಮೊಬೈಲ್ ತೆಗೆದು ಅರ್ಧ ನಿಮಿಷದ ವಿಡಿಯೊ ಮಾಡುತ್ತಾರೆ. ಆ ವಿಡಿಯೊ ನಿಜವೇ. ಆದರೆ ನಾಲ್ಕೈದು ಗುಂಪು ದಾಟುವಷ್ಟರಲ್ಲಿ ಅದರ ಕೆಳಗಿನ ಸಾಲು ಬದಲಾಗಬಹುದು: ‘ಮಿಡತೆ ದಾಳಿ, ರೈತರೇ ಎಚ್ಚರ’, ‘5ಜಿ ಟವರ್‌ನಿಂದ ದಿಕ್ಕು ತಪ್ಪಿದ ಹಕ್ಕಿಗಳು’, ‘ಹಕ್ಕಿಜ್ವರ ತಂದ ವಿದೇಶಿ ಹಕ್ಕಿಗಳು, ಕೋಳಿ ತಿನ್ನಬೇಡಿ’.

ಒಂದೇ ಸಾಲಿನ ಉತ್ತರ ಬೇಕಾದವರಿಗೆ: ರಾಯಚೂರು, ಮಾನ್ವಿ, ದೇವದುರ್ಗ ಕಡೆ ಚಳಿಗಾಲದ ಸಂಜೆ ಜೋಳದ ಮೇಲೆ ಹೀಗೆ ಕಾಣುವವು ಹೆಚ್ಚಾಗಿ ಗುಲಾಬಿ ಮೈನಾಗಳು. ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬಂದಿವೆ, ಮಲಗುವ ಮುನ್ನ ಊಟ ಮಾಡುತ್ತಿವೆ. ಉಳಿದದ್ದು ಸ್ವಲ್ಪ ಉದ್ದದ ಕತೆ. ಅದರಲ್ಲಿ ರೈತರ ನಷ್ಟವೂ ಇರುವುದರಿಂದ ‘ಎಷ್ಟು ಚೆಂದ’ ಎಂದಷ್ಟೇ ಹೇಳಿ ಮುಗಿಸಲು ಆಗುವುದಿಲ್ಲ.

ಯಾವ ಹಕ್ಕಿ, ಎಲ್ಲಿಂದ ಬಂತು?

ಗಾತ್ರದಲ್ಲಿ ನಮ್ಮ ಮನೆ ಮುಂದೆ ಓಡಾಡುವ ಗೊರವಂಕದಷ್ಟೇ ಇರುತ್ತದೆ, ಅದರ ಸಂಬಂಧಿಯೂ ಹೌದು. ಬೆಳೆದ ಹಕ್ಕಿಯ ತಲೆ, ಕುತ್ತಿಗೆ, ರೆಕ್ಕೆ, ಬಾಲ ಕಪ್ಪು. ಬೆನ್ನು ಮತ್ತು ಹೊಟ್ಟೆ ತಿಳಿ ಗುಲಾಬಿ. ತಲೆಯ ಹಿಂದೆ ಜುಟ್ಟು. ಚಳಿಗಾಲದಲ್ಲಿ ಈ ಗುಲಾಬಿ ಬಣ್ಣ ಮಾಸಿದಂತೆ ಕಾಣುತ್ತದೆ, ಮಾರ್ಚ್ ಹೊತ್ತಿಗೆ ನಿಚ್ಚಳವಾಗುತ್ತದೆ. ಆ ವರ್ಷ ಹುಟ್ಟಿದ ಮರಿಗಳದ್ದು ಬರೀ ಮಣ್ಣಿನ ಬಣ್ಣ, ಹಳದಿ ಕೊಕ್ಕು. ಹಾಗಾಗಿ ಒಂದೇ ಗುಂಪಿನಲ್ಲಿ ಎರಡು ಜಾತಿಯ ಹಕ್ಕಿಗಳಿವೆ ಎಂದು ಅನಿಸಿದರೆ ಆಶ್ಚರ್ಯವಿಲ್ಲ. ಇದರ ವೈಜ್ಞಾನಿಕ ಹೆಸರು ಪಾಸ್ಟರ್ ರೋಸಿಯಸ್. ಕನ್ನಡದಲ್ಲಿ ಗುಲಾಬಿ ಕಬ್ಬಕ್ಕಿ ಎಂದೂ ಕರೆಯುವುದುಂಟು.

ಇವು ಮರಿ ಮಾಡುವುದು ಆಗ್ನೇಯ ಯುರೋಪಿನಿಂದ ಕಜಕಸ್ತಾನ ಮತ್ತು ಚೀನಾದ ಶಿನ್‌ಜಿಯಾಂಗ್‌ವರೆಗಿನ ಹುಲ್ಲುಗಾವಲುಗಳಲ್ಲಿ, ಕಲ್ಲುರಾಶಿಗಳ ಸಂದುಗಳಲ್ಲಿ. ನಕಾಶೆಯಲ್ಲಿ ರಾಯಚೂರಿನಿಂದ ನೇರ ಉತ್ತರಕ್ಕೆ ಗೆರೆ ಎಳೆದರೆ ಅದು ಕಜಕಸ್ತಾನದ ಅಲ್ಮಾಟಿ ನಗರದ ಹತ್ತಿರ ಹಾದುಹೋಗುತ್ತದೆ. ಅಂತರ ಸುಮಾರು 3,000 ಕಿಲೋಮೀಟರ್. ಹಕ್ಕಿಗಳು ಬರುವುದು ಈ ನೇರ ದಾರಿಯಲ್ಲಲ್ಲ. ಹಿಮಾಲಯವನ್ನು ಬಳಸಿಕೊಂಡು ವಾಯವ್ಯ ದಿಕ್ಕಿನಿಂದ ಭಾರತಕ್ಕೆ ಇಳಿಯುತ್ತವೆ. ಹಾಗಾಗಿ ಅವುಗಳ ಪ್ರಯಾಣ ಇನ್ನೂ ಉದ್ದ. ಅಲ್ಲಿ ಅವುಗಳ ಬಾಣಂತನ ಬಹಳ ಚಿಕ್ಕದು. ಮೇ, ಜೂನ್‌ನಲ್ಲಿ ಮಿಡತೆಗಳು ಹೇರಳವಾಗಿರುವಾಗ ಮರಿ ಬೆಳೆಸಿ ಮುಗಿಸುತ್ತವೆ. ಹಾಗಾಗಿಯೇ ಜುಲೈ ಕೊನೆ, ಆಗಸ್ಟ್‌ಗೆಲ್ಲ ಮೊದಲ ಗುಂಪುಗಳು ಭಾರತ ತಲುಪಿರುತ್ತವೆ. ವಾಪಸು ಹೋಗುವುದು ಏಪ್ರಿಲ್‌ನಲ್ಲಿ. ಲೆಕ್ಕ ಹಾಕಿದರೆ ವರ್ಷದಲ್ಲಿ ಹೆಚ್ಚು ತಿಂಗಳು ಅವು ಇರುವುದು ನಮ್ಮಲ್ಲೇ. ‘ವಿದೇಶಿ ಹಕ್ಕಿ’ ಎಂದು ಬರೆಯುವಾಗ ಇದನ್ನೂ ನೆನಪಿಡಬಹುದು.

ಸಂಜೆಯೇ ಏಕೆ ಇಷ್ಟೊಂದು?

ಈ ಹಕ್ಕಿಗಳು ಹಗಲೆಲ್ಲ ಇರುತ್ತವೆ. ಆದರೆ ಸಣ್ಣ ಸಣ್ಣ ಗುಂಪುಗಳಾಗಿ ಹರಡಿರುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ. ಸಂಜೆ ಮೂರು ಕೆಲಸಗಳು ಒಟ್ಟಿಗೆ ಬೀಳುತ್ತವೆ.

ಮೊದಲನೆಯದು ಊಟ. ಹಗಲಿನ ಹಕ್ಕಿಗೆ ರಾತ್ರಿಯೆಂದರೆ ಹನ್ನೆರಡು ಗಂಟೆಗಳ ಉಪವಾಸ. ಚಿಕ್ಕ ದೇಹ, ಬಿಸಿ ರಕ್ತ, ಚಳಿ. ಕತ್ತಲಾಗುವ ಮುನ್ನ ಹೊಟ್ಟೆ ತುಂಬಿಸಿಕೊಳ್ಳದಿದ್ದರೆ ದೇಹದ ಕೊಬ್ಬು ಕರಗಬೇಕು. ಆದ್ದರಿಂದ ಸೂರ್ಯೋದಯದ ನಂತರದ ಒಂದೆರಡು ತಾಸು ಮತ್ತು ಸೂರ್ಯಾಸ್ತದ ಮುಂಚಿನ ಒಂದೆರಡು ತಾಸು ಅವುಗಳ ಮುಖ್ಯ ಊಟದ ವೇಳೆ. ನೆಲದ ಮೇಲೆ ಹುಳ ಹುಡುಕುವಾಗ ಗಮನಿಸಿ: ಹಿಂದಿನ ಸಾಲಿನ ಹಕ್ಕಿಗಳು ಹಾರಿ ಮುಂದಿನ ಸಾಲಿನ ಎದುರಿಗೆ ಇಳಿಯುತ್ತವೆ, ಈಗ ಹಿಂದೆ ಬಿದ್ದವು ಮತ್ತೆ ಹಾರಿ ಮುಂದಕ್ಕೆ ಬರುತ್ತವೆ. ಇಡೀ ಗುಂಪು ಚಾಪೆ ಸುತ್ತಿದಂತೆ ಹೊಲದ ಮೇಲೆ ಉರುಳುತ್ತಾ ಹೋಗುತ್ತದೆ. ಕಾಲಿಗೆ ಸಿಕ್ಕಿ ಎದ್ದ ಮಿಡತೆ ಒಂದು ಹಕ್ಕಿಯಿಂದ ತಪ್ಪಿಸಿಕೊಂಡರೂ ಇನ್ನೊಂದರ ಬಾಯಿಗೆ ಬೀಳುತ್ತದೆ. ಮೊಬೈಲ್ ವಿಡಿಯೊದಲ್ಲಿ ಇದು ಸರಿಯಾಗಿ ಬರುವುದಿಲ್ಲ, ಕಣ್ಣಾರೆ ನೋಡಬೇಕು.

ಎರಡನೆಯದು ಒಟ್ಟು ಸೇರುವುದು. ಹತ್ತಾರು ಹೊಲಗಳಲ್ಲಿ ಹರಡಿದ್ದ ಗುಂಪುಗಳು ರಾತ್ರಿ ಮಲಗಲು ಒಂದೇ ಜಾಗಕ್ಕೆ ಬರುತ್ತವೆ. ಮುಳ್ಳಿನ ಪೊದೆ, ಬಳ್ಳಾರಿ ಜಾಲಿಯ ದಟ್ಟಣೆ, ಹಳ್ಳದ ಬದಿಯ ಆಪು, ಈಚಲ ಗಿಡ ಇಂಥವು ಇಷ್ಟ. ಸಾವಿರ ಹಕ್ಕಿಗಳ ನಡುವೆ ಮಲಗಿದರೆ ಬೆಕ್ಕೋ ಗೂಬೆಯೋ ಬಂದಾಗ ತನ್ನನ್ನೇ ಹಿಡಿಯುವ ಸಂಭವ ಸಾವಿರದಲ್ಲಿ ಒಂದು. ಬೆಳಿಗ್ಗೆ ಏಳುವಾಗ, ನಿನ್ನೆ ಒಳ್ಳೆಯ ಹೊಲ ಕಂಡವರ ಹಿಂದೆ ಉಳಿದವರು ಹೋಗಬಹುದು ಎಂಬ ವಿಚಾರವನ್ನು ಪೀಟರ್ ವಾರ್ಡ್ ಮತ್ತು ಅಮೋಟ್ಜ್ ಜಹಾವಿ 1973ರಲ್ಲೇ ಮುಂದಿಟ್ಟರು. ನಮ್ಮ ಊರಿನ ಕಟ್ಟೆಯ ಹಾಗೆ ಎನ್ನಿ, ಸುದ್ದಿ ಅಲ್ಲಿ ಸಿಗುತ್ತದೆ. ಈ ವಿಚಾರದ ಮೇಲೆ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ.

ಮೂರನೆಯದು ಆ ತಿರುಗಾಟ, ಎಲ್ಲರೂ ವಿಡಿಯೊ ಮಾಡುವ ಭಾಗ. ಮಲಗುವ ಮುನ್ನ ಹಿಂಡು ಗಾಳಿಯಲ್ಲಿ ಬಾಗುತ್ತದೆ, ಉದ್ದವಾಗುತ್ತದೆ, ಗಂಟಾಗುತ್ತದೆ. ಇದಕ್ಕೆ ನಾಯಕ ಇಲ್ಲ, ‘ಅದೃಶ್ಯ ಶಕ್ತಿ’ಯೂ ಬೇಕಿಲ್ಲ. ಇಟಲಿಯ ರೋಮ್ ನಗರದಲ್ಲಿ ಇದೇ ಬಳಗದ ಯುರೋಪಿನ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡನ್ನು ಏಕಕಾಲಕ್ಕೆ ಹಲವು ಕ್ಯಾಮೆರಾಗಳಲ್ಲಿ ಸೆರೆಹಿಡಿದು, ಒಂದೊಂದು ಹಕ್ಕಿಯ ಜಾಗವನ್ನೂ ಲೆಕ್ಕ ಹಾಕಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಪ್ರತಿ ಹಕ್ಕಿ ಗಮನಿಸುವುದು ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ, ಅವು ಎಷ್ಟು ಮೀಟರ್ ದೂರದಲ್ಲಿವೆ ಎಂಬುದು ಮುಖ್ಯವಲ್ಲ ಎಂದು ಗೊತ್ತಾಯಿತು. ಹಿಂಡು ಚದುರಿದರೂ ಆ ಆರೇಳರ ಕೊಂಡಿ ಕಡಿಯುವುದಿಲ್ಲ, ಅದಕ್ಕೇ ಡೇಗೆ ನುಗ್ಗಿದಾಗಲೂ ಮೋಡ ಸೀಳಿ ಮತ್ತೆ ಕೂಡುತ್ತದೆ. ಆ ತಂಡದಲ್ಲಿದ್ದ ಜಾರ್ಜಿಯೊ ಪರೀಸಿ ಅವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಹಕ್ಕಿಗಳಿಗಾಗಿ ಅಲ್ಲ, ಹೀಗೆ ಗೋಜಲಾಗಿ ಕಾಣುವ ವ್ಯವಸ್ಥೆಗಳ ಒಳಗಿನ ಕ್ರಮವನ್ನು ತೋರಿಸಿದ ಇನ್ನೊಂದು ಕೆಲಸಕ್ಕೆ.

ಮಿಡತೆ ಅಲ್ಲ, ಮಿಡತೆಯ ಶತ್ರು

2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆಗಳು ರಾಜಸ್ಥಾನ, ಮಧ್ಯಪ್ರದೇಶ ದಾಟಿ ಮಹಾರಾಷ್ಟ್ರದ ನಾಗಪುರದ ಕಡೆಗೆ ಬಂದಾಗ ನಮ್ಮ ಗಡಿ ಜಿಲ್ಲೆಗಳಲ್ಲೂ ಎಚ್ಚರಿಕೆ ಕೊಡಲಾಗಿತ್ತು. ಆ ಭಯ ಇನ್ನೂ ಜನರ ಮನಸ್ಸಿನಲ್ಲಿದೆ, ಹಾಗಾಗಿ ದೂರದಿಂದ ತೆಗೆದ ಯಾವ ಕಪ್ಪು ಚುಕ್ಕೆಗಳ ವಿಡಿಯೊ ಆದರೂ ‘ಮಿಡತೆ’ ಆಗಿಬಿಡಬಹುದು. ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಮರುಭೂಮಿ ಮಿಡತೆಗಳು ಹಾರುವುದು ಬಿಸಿಲಿನಲ್ಲಿ, ಗಾಳಿ ಬೀಸಿದ ಕಡೆಗೆ. ಸಂಜೆಯಾದರೆ ಗಿಡಗಳ ಮೇಲೆ ಕುಳಿತುಬಿಡುತ್ತವೆ. ಹಕ್ಕಿಗಳು ಗಾಳಿಗೆ ಎದುರಾಗಿಯೂ ತಿರುಗುತ್ತವೆ, ಎಲ್ಲ ಒಟ್ಟಿಗೆ ಹೊರಳುತ್ತವೆ, ಹೊರಳಿದಾಗ ಬಣ್ಣ ಬದಲಾದಂತೆ ಕಾಣುತ್ತದೆ. ಜೊತೆಗೆ ನಿಲ್ಲದ ಗಲಗಲ ಸದ್ದು.

ತಮಾಷೆಯೆಂದರೆ ಗುಲಾಬಿ ಮೈನಾ ಮಿಡತೆಗಳ ದೊಡ್ಡ ಶತ್ರು. ಶಿನ್‌ಜಿಯಾಂಗ್‌ನ ಹುಲ್ಲುಗಾವಲುಗಳಲ್ಲಿ ಮಿಡತೆ ಕಾಟ ಕಡಿಮೆ ಮಾಡಲೆಂದೇ ಈ ಹಕ್ಕಿಗಳಿಗೆ ಕಲ್ಲು ಪೇರಿಸಿ ಗೂಡಿನ ಜಾಗ ಮಾಡಿಕೊಡುತ್ತಾರೆ. ಇದೇ ಚೀನಾ 1958ರಲ್ಲಿ ‘ನಾಲ್ಕು ಪೀಡೆಗಳ’ ವಿರುದ್ಧ ಆಂದೋಲನ ನಡೆಸಿ, ಕಾಳು ತಿನ್ನುತ್ತವೆಂದು ಗುಬ್ಬಚ್ಚಿಗಳನ್ನು ಲೆಕ್ಕವಿಲ್ಲದಷ್ಟು ಕೊಂದಿತ್ತು. ಹುಳಗಳ ಕಾಟ ಹೆಚ್ಚಾದ ಮೇಲೆ 1960ರಲ್ಲಿ ಗುಬ್ಬಚ್ಚಿಯ ಹೆಸರು ತೆಗೆದು ಆ ಜಾಗಕ್ಕೆ ತಿಗಣೆಯನ್ನು ಸೇರಿಸಿದರು.

ಆದರೆ ಜೋಳ ತಿನ್ನುವುದು ಸುಳ್ಳಲ್ಲ

ಇಲ್ಲಿ ಪಕ್ಷಿಪ್ರಿಯರ ಪೋಸ್ಟುಗಳ ಬಗ್ಗೆಯೂ ಒಂದು ತಕರಾರಿದೆ. ‘ಇವು ರೈತನ ಮಿತ್ರ, ಹುಳ ಮಾತ್ರ ತಿನ್ನುತ್ತವೆ’ ಎನ್ನುವ ಫಾರ್ವರ್ಡ್ ಕೂಡ ಅರ್ಧಸತ್ಯ. ಗುಲಾಬಿ ಮೈನಾ ಹುಳ ತಿನ್ನುತ್ತದೆ, ಆಲ ಅರಳಿಯ ಹಣ್ಣು ತಿನ್ನುತ್ತದೆ, ಫೆಬ್ರುವರಿ, ಮಾರ್ಚ್‌ನಲ್ಲಿ ಮುತ್ತುಗ, ಬೂರುಗದ ಹೂವಿನ ಮಕರಂದ ಕುಡಿದು ಪರಾಗವನ್ನೂ ಸಾಗಿಸುತ್ತದೆ. ಜೋಳವನ್ನೂ ಚೆನ್ನಾಗಿಯೇ ತಿನ್ನುತ್ತದೆ. ನಮಗೆ ಸೀತನಿ ಹದ ಎಷ್ಟು ರುಚಿಯೋ ಅವಕ್ಕೂ ಹಾಲುಗಾಳು ಅಷ್ಟೇ ಇಷ್ಟ. ಎರಡೆಕರೆ ಜೋಳ ಇಟ್ಟವನ ಹೊಲಕ್ಕೆ ಸಾವಿರ ಹಕ್ಕಿ ನಾಲ್ಕು ಸಂಜೆ ಇಳಿದರೆ ನಷ್ಟ ಕಣ್ಣಿಗೆ ಕಾಣುತ್ತದೆ. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಇದಕ್ಕೆ ‘ಜೋವಾರಿ ಹಕ್ಕಿ’ ಎಂಬ ಹೆಸರೇ ಇತ್ತು. ಅಟ್ಟ ಕಟ್ಟಿ, ಕವಣೆ ಬೀಸಿ, ಡಬ್ಬಿ ಬಡಿದು ಹಕ್ಕಿ ಕಾಯುವುದು ನಮ್ಮ ಎರೆಹೊಲಗಳಲ್ಲಿ ಸುಗ್ಗಿಯಷ್ಟೇ ಹಳೆಯದು.

ಈಗ ಸಮಸ್ಯೆ ಇನ್ನಷ್ಟು ಚೂಪಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿರುವ ಮಾನ್ವಿ ಕಡೆ ಭತ್ತ, ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ದೇವದುರ್ಗದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ. ಜೋಳದ ಹೊಲಗಳು ಅಲ್ಲೊಂದು ಇಲ್ಲೊಂದು ಉಳಿದಷ್ಟೂ ಹಿಂಡು ಆ ಕೆಲವೇ ಹೊಲಗಳ ಮೇಲೆ ಬೀಳುತ್ತದೆ. ಹಿಂದೆ ಊರೆಲ್ಲ ಹಂಚಿಕೊಳ್ಳುತ್ತಿದ್ದ ನಷ್ಟವನ್ನು ಈಗ ಜೋಳ ಬಿತ್ತಿದವನೊಬ್ಬನೇ ಹೊರಬೇಕು.

ಹಕ್ಕಿಗಳ ದಿನಚರಿ ಗೊತ್ತಿದ್ದರೆ ಇಲ್ಲಿ ಪ್ರಯೋಜನವಿದೆ. ಇಡೀ ದಿನ ಕಾಯುವುದಕ್ಕಿಂತ ಹಾಲುಗಾಳು ಕಟ್ಟುವ ಎರಡು ಮೂರು ವಾರ, ಬೆಳಗಿನ ಮೊದಲ ಎರಡು ತಾಸು ಮತ್ತು ಸಂಜೆಯ ಕೊನೆಯ ಎರಡು ತಾಸು ಕಾಯುವುದು ಮುಖ್ಯ. ಅಕ್ಕಪಕ್ಕದ ಹೊಲದವರು ಒಂದೇ ವಾರದಲ್ಲಿ ಬಿತ್ತಿದರೆ ಎಲ್ಲರ ತೆನೆ ಒಟ್ಟಿಗೆ ಹಾಲಿಗೆ ಬರುತ್ತದೆ, ಒಬ್ಬನ ಹೊಲವೇ ಗುರಿಯಾಗುವುದಿಲ್ಲ. ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣದ ಹೊಳೆಯುವ ಟೇಪನ್ನು ಹುರಿ ಹಾಕಿ ಗೂಟಗಳ ನಡುವೆ ತೆನೆಗಿಂತ ಸ್ವಲ್ಪ ಮೇಲೆ ಕಟ್ಟಿದರೆ, ಗಾಳಿಗೆ ಅದು ಮಿಂಚುತ್ತದೆ, ಗುಂಯ್‌ಗುಡುತ್ತದೆ. ಆದರೆ ಹಕ್ಕಿಗಳು ಬೇಗ ಪಳಗುತ್ತವೆ. ಬಿತ್ತನೆಯಾದ ದಿನವೇ ಕಟ್ಟಿಬಿಟ್ಟರೆ ಬೇಕಾದಾಗ ಕೆಲಸ ಮಾಡುವುದಿಲ್ಲ. ಬೆದರುಬೊಂಬೆಯೂ ಅಷ್ಟೇ, ಜಾಗ ಬದಲಾಯಿಸದಿದ್ದರೆ ಅದರ ತಲೆಯ ಮೇಲೇ ಕುಳಿತುಕೊಳ್ಳುತ್ತವೆ.

ಮಾಡಬಾರದ್ದು ಎರಡು. ಒಂದು, ವಿಷ ಬೆರೆಸಿದ ಕಾಳು ಚೆಲ್ಲುವುದು. ಅದನ್ನು ಮೈನಾ ಮಾತ್ರ ತಿನ್ನುವುದಿಲ್ಲ. ನವಿಲು, ಪಾರಿವಾಳ, ಮನೆಯ ಕೋಳಿ, ಸತ್ತ ಹಕ್ಕಿಯನ್ನು ಎಳೆದೊಯ್ಯುವ ನಾಯಿ, ಎಲ್ಲಕ್ಕೂ ಅದು ವಿಷವೇ. ಹೀಗೆ ಕಾಡುಹಕ್ಕಿಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಕೂಡ. ಇನ್ನೊಂದು, ಹಕ್ಕಿಗಳು ಮಲಗಿದ ಮೇಲೆ ಆ ಪೊದೆಗಳ ಹತ್ತಿರ ಪಟಾಕಿ ಹೊಡೆಯುವುದು. 2010ರ ಡಿಸೆಂಬರ್ 31ರ ರಾತ್ರಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಬೀಬ್ ಪಟ್ಟಣದಲ್ಲಿ ಸಾವಿರಾರು ಕೆಂಪುರೆಕ್ಕೆಯ ಬ್ಲ್ಯಾಕ್‌ಬರ್ಡ್‌ಗಳು ಸತ್ತುಬಿದ್ದವು. ಹತ್ತಿರದ ಸಿಡಿಮದ್ದಿನ ಸದ್ದಿಗೆ ಹೆದರಿ ಕತ್ತಲಲ್ಲಿ ಎದ್ದ ಹಕ್ಕಿಗಳು ಮನೆ, ಮರ, ಕಂಬಗಳಿಗೆ ಬಡಿದಿದ್ದವು. ಈ ಹಕ್ಕಿಗಳಿಗೆ ರಾತ್ರಿ ಕಣ್ಣು ಚೆನ್ನಾಗಿ ಕಾಣುವುದಿಲ್ಲ. ಹಗಲು ಹೊಲದಲ್ಲಿ ಡಬ್ಬಿ ಬಡಿಯುವುದೇ ಬೇರೆ, ಇದೇ ಬೇರೆ.

5ಜಿ ಕತೆ ಎಲ್ಲಿಂದ ಬಂತು?

2018ರ ಅಕ್ಟೋಬರ್, ನವೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದ ಒಂದು ಉದ್ಯಾನದಲ್ಲಿ ಸುಮಾರು 300 ಸ್ಟಾರ್ಲಿಂಗ್‌ಗಳು ಸತ್ತವು. ‘5ಜಿ ಪರೀಕ್ಷೆಗೆ ಬಲಿ’ ಎಂಬ ಸುದ್ದಿ ಜಗತ್ತೆಲ್ಲ ಸುತ್ತಿತು. ಆದರೆ ಆ ನಗರದಲ್ಲಿ 5ಜಿ ಪರೀಕ್ಷೆ ನಡೆದದ್ದು ಜೂನ್‌ನಲ್ಲಿ, ಒಂದೇ ದಿನ. ಹಕ್ಕಿಗಳು ಸಾಯುವುದಕ್ಕೂ ಅದಕ್ಕೂ ನಾಲ್ಕು ತಿಂಗಳ ಅಂತರ. ಅದೇ ನವೆಂಬರ್ ಕೊನೆಗೆ ನಮ್ಮಲ್ಲಿ ರಜನಿಕಾಂತ್ ಅವರ ‘2.0’ ಸಿನಿಮಾ ಬಂತು. ಮೊಬೈಲ್ ಟವರ್‌ಗಳಿಂದ ಹಕ್ಕಿಗಳು ಸಾಯುತ್ತವೆ ಎಂಬುದೇ ಅದರ ಕತೆ. ಸಿನಿಮಾ ಚೆನ್ನಾಗಿತ್ತೋ ಇಲ್ಲವೋ, ಆ ನಂಬಿಕೆಯಂತೂ ಊರೂರಿಗೆ ತಲುಪಿತು.

ಇನ್ನೊಂದು ವಿಡಿಯೊ ಮೆಕ್ಸಿಕೊದ್ದು. 2022ರ ಫೆಬ್ರುವರಿಯಲ್ಲಿ ಕ್ವಾಟೆಮೊಕ್ ಎಂಬ ಊರಿನ ಸಿಸಿಟಿವಿಯಲ್ಲಿ ವಲಸೆ ಹಕ್ಕಿಗಳ ದೊಡ್ಡ ಹಿಂಡು ಒಮ್ಮೆಲೇ ರಸ್ತೆಗೆ ಅಪ್ಪಳಿಸಿದ್ದು ದಾಖಲಾಯಿತು. ಹೆಚ್ಚಿನವು ಹಾರಿಹೋದವು, ಕೆಲವು ಸತ್ತವು. ಬೇಟೆಹಕ್ಕಿಯೊಂದು ಮೇಲಿಂದ ಎರಗಿದಾಗ ಹಿಂಡು ತಪ್ಪಿಸಿಕೊಳ್ಳಲು ಹೋಗಿ ನೆಲಕ್ಕೆ ಬಡಿದಿರಬೇಕು ಎಂಬುದು ಹಲವು ಪಕ್ಷಿತಜ್ಞರ ಅಭಿಪ್ರಾಯ. ಈ ವಿಡಿಯೊ ಹೊಸ ಊರಿನ ಹೆಸರು ಹಚ್ಚಿಕೊಂಡು ನಿಮ್ಮ ಗುಂಪಿಗೂ ಬರಬಹುದು.

ಹಾಗೆಂದು ವಿದ್ಯುತ್ಕಾಂತೀಯ ತರಂಗಗಳಿಂದ ಹಕ್ಕಿಗಳಿಗೆ ಏನೂ ಆಗುವುದಿಲ್ಲವೆಂದೂ ಅಲ್ಲ. ನಗರದ ವಿದ್ಯುತ್ ಉಪಕರಣಗಳಿಂದ ಬರುವ ಮಂದ ರೇಡಿಯೊ ಗದ್ದಲ ಯುರೋಪಿನ ರಾಬಿನ್ ಹಕ್ಕಿಯ ಒಳಗಿನ ದಿಕ್ಸೂಚಿಯನ್ನು ಕೆಡಿಸುತ್ತದೆ ಎಂದು ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ತೋರಿಸಿತು. ಆದರೆ ಅದು 5 ಮೆಗಾಹರ್ಟ್ಸ್‌ಗಿಂತ ಕೆಳಗಿನ ತರಂಗಗಳ ಮಾತು. ಮೊಬೈಲ್ ಬಳಸುವುದು ನೂರಾರು, ಸಾವಿರಾರು ಮೆಗಾಹರ್ಟ್ಸ್. ಭಾರತದಲ್ಲಿ 5ಜಿ ಸೇವೆ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಗುಲಾಬಿ ಮೈನಾಗಳ ಹಿಂಡು ಜೋಳಕ್ಕೆ ಬೀಳುವುದನ್ನು ಟಿ.ಸಿ. ಜೆರ್ಡನ್ ತಮ್ಮ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಬರೆದದ್ದು 1860ರ ದಶಕದಲ್ಲಿ.

ಹಕ್ಕಿಜ್ವರದ ಭಯ

ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ವಲಸೆ ಹಕ್ಕಿಗಳು ಹಕ್ಕಿಜ್ವರದ ವೈರಸ್ ಹೊತ್ತು ತರಬಲ್ಲವು. 2020ರ ಕೊನೆ ಮತ್ತು 2021ರ ಆರಂಭದಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಭೋಪಾಲದ ಪ್ರಯೋಗಾಲಯ ಎಚ್5ಎನ್1 ಎಂದು ಖಚಿತಪಡಿಸಿತು. ಇದೇ ಜಾತಿಯ ಹೆಬ್ಬಾತುಗಳು ಪ್ರತಿ ಚಳಿಗಾಲ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಆ ಕೆರೆಯಲ್ಲಿ ಅವು ಹಗಲು ವಿಶ್ರಾಂತಿ ಪಡೆದು, ಹೊತ್ತು ಇಳಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಮೈನಾಗಳದ್ದು ಸಂಜೆ ಉಂಡು ಮಲಗುವ ಲೆಕ್ಕವಾದರೆ ಇವುಗಳದ್ದು ಉಲ್ಟಾ.

ಈ ವೈರಸ್‌ನ ಮುಖ್ಯ ನೆಲೆ ಬಾತು, ಹೆಬ್ಬಾತು, ಕಡಲಕಾಗೆಗಳಂಥ ನೀರುಹಕ್ಕಿಗಳು. ಹೊಲದಲ್ಲಿ ಹಾರಾಡುವ ಆರೋಗ್ಯವಂತ ಮೈನಾ ಹಿಂಡನ್ನು ನೋಡಿದ ಮಾತ್ರಕ್ಕೆ ಹಕ್ಕಿಜ್ವರ ಎನ್ನಲು ಆಧಾರವಿಲ್ಲ. ದೂರ ನಿಂತು ನೋಡುವುದರಿಂದ ರೋಗ ಬರುವುದೂ ಇಲ್ಲ. 70 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಪೂರ್ತಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಬಹುದು. ನಮ್ಮ ಸಾರಿನ ಕುದಿ ಅದಕ್ಕಿಂತ ಬಹಳ ಮೇಲೆ. ಒಂದೇ ಕಡೆ ಹಲವು ಹಕ್ಕಿಗಳು ಸತ್ತಿದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಮುಟ್ಟಬೇಡಿ, ಮಕ್ಕಳನ್ನು, ನಾಯಿಗಳನ್ನು ದೂರವಿಡಿ, ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ. ಗುಂಪಿಗೆ ವಿಡಿಯೊ ಹಾಕುವುದು ಆಮೇಲೆ. ಹಕ್ಕಿಗಳು ತಿಂಗಳುಗಟ್ಟಲೆ ಮಲಗಿದ ಮರದ ಕೆಳಗೆ ಗುಡಿಸುವವರಿದ್ದರೆ ಒಣ ಹಿಕ್ಕೆಗೆ ಮೊದಲು ನೀರು ಚಿಮುಕಿಸಿ, ಮೂಗುಬಾಯಿ ಮುಚ್ಚಿಕೊಂಡು ಗುಡಿಸಬೇಕು. ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವ ಶಿಲೀಂಧ್ರ ಇರಬಹುದು.

ನೋಡಲು ಹೋಗುವವರಿಗೆ

ಡಿಸೆಂಬರ್ ಕೊನೆಗೆ ರಾಯಚೂರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಗೆ ಸ್ವಲ್ಪ ಮುಂಚೆ. ನಾಲ್ಕೂವರೆಗೆ ಜೋಳದ ಹೊಲದ ಬದುವಿನಲ್ಲಿ, ಸೂರ್ಯ ನಿಮ್ಮ ಬೆನ್ನಿಗೆ ಬರುವಂತೆ ನಿಂತರೆ ಗುಲಾಬಿ ಬಣ್ಣ ಕಾಣುತ್ತದೆ. ಎದುರು ಬಿಸಿಲಿಗೆ ನಿಂತರೆ ಎಲ್ಲ ಕಪ್ಪು, ಫಾರ್ವರ್ಡ್ ವಿಡಿಯೊಗಳಲ್ಲಿ ಇರುವಂತೆ. ಹೊಲದವರನ್ನು ಕೇಳಿ ಒಳಗೆ ಹೋಗಿ, ಅವರು ಹಕ್ಕಿ ಓಡಿಸುತ್ತಿದ್ದರೆ ‘ಪಾಪ, ಬಿಡಿ’ ಎನ್ನಬೇಡಿ. ಬೈನಾಕ್ಯುಲರ್ ಇಲ್ಲದಿದ್ದರೂ ನಡೆಯುತ್ತದೆ. ಡ್ರೋನ್ ಬೇಡ, ಹಿಂಡು ಅದನ್ನು ಬೇಟೆಹಕ್ಕಿ ಎಂದು ತಿಳಿದು ಊಟ ಬಿಟ್ಟು ಏಳುತ್ತದೆ.

ವಿಡಿಯೊ ಕಳಿಸುವುದಾದರೆ ಊರು, ದಿನ, ಸಮಯ ಬರೆದೇ ಕಳಿಸಿ. ‘ಮಾನ್ವಿ ರಸ್ತೆ, ಜನವರಿ 4, ಸಂಜೆ 5:40, ಗುಲಾಬಿ ಮೈನಾ’ ಎಂದಿದ್ದರೆ ಅದನ್ನು ಮಿಡತೆ ಮಾಡುವುದು ಕಷ್ಟ. ಇ-ಬರ್ಡ್ ಆ್ಯಪ್‌ನಲ್ಲಿ ಅದೇ ಮಾಹಿತಿ ದಾಖಲಿಸಿದರೆ ಹಕ್ಕಿಗಳ ಅಧ್ಯಯನಕ್ಕೂ ಸಿಗುತ್ತದೆ. ನಿಮಗೆ ಬಂದ ವಿಡಿಯೊದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ವಾಟ್ಸ್‌ಆ್ಯಪ್ ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಬಿಡುತ್ತದೆ. ಅದರಲ್ಲಿ ಜೋಳದ ಹೊಲ ಇದೆಯೇ, ರಸ್ತೆಯ ಫಲಕ ಯಾವ ಭಾಷೆಯಲ್ಲಿದೆ, ವಾಹನ ಯಾವ ಬದಿಯಲ್ಲಿ ಓಡುತ್ತಿದೆ ಎಂದು ನೋಡಿ. ಮೆಕ್ಸಿಕೊದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ.